ಕಟ್ಟುವ ದುಡ್ಡು, ನಡೆಸುವ ದುಡ್ಡು: ಕೊಪ್ಪಳ ಕಡೆ ಪರಿಸರ ಆರೋಗ್ಯದ ಕೆಲಸಕ್ಕೆ ಯಾವ ಅನುದಾನ ಕೇಳಬೇಕು?

ಕುಷ್ಟಗಿ ಕಡೆಯ ಒಂದು ಊರು. ಸುಡು ಬೇಸಿಗೆ. ಓವರ್‌ಹೆಡ್ ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಆಶಾ ಕಾರ್ಯಕರ್ತೆ ಸಣ್ಣ ಗಾಜಿನ ಟ್ಯೂಬಿಗೆ ನೀರು ಹಿಡಿದು, ಓಟಿ ದ್ರಾವಣ ಒಂದೆರಡು ಹನಿ ಬಿಟ್ಟರು. ನೀರಲ್ಲಿ ಕ್ಲೋರಿನ್ ಇದ್ದರೆ ಹಳದಿ ಆಗಬೇಕು. “ಸರ, ಹಳದಿ ಆಗವಲ್ದ್ರೀ” ಎಂದರು. ವಾಟರ್‌ಮನ್ ಮಾತ್ರ ಬೆಳಿಗ್ಗೆನೇ ಬ್ಲೀಚಿಂಗ್ ಪೌಡರ್ ಕಲಸಿ ಹಾಕೀನಿ ಅಂತ ಆಣೆ ಮಾಡುತ್ತಿದ್ದ. ಬಾಟಲಿ ಈಸಿಕೊಂಡು ತಿರುಗಿಸಿ ನೋಡಿದೆ. ದ್ರಾವಣದ ಅವಧಿ ಮುಗಿದು ಏಳು ತಿಂಗಳಾಗಿತ್ತು. ಅವನು ಹೇಳಿದ್ದು ನಿಜವೋ ಸುಳ್ಳೋ ಅಂತ ತಿಳಿಯುವ ದಾರಿಯೇ ನಮ್ಮ ಕೈಲಿರಲಿಲ್ಲ.

ಅದೇ ದಿನ ಮಧ್ಯಾಹ್ನ ಹತ್ತಿರದ ಒಂದು ಸರಕಾರಿ ಆಸ್ಪತ್ರೆಗೆ ಹೋದೆ. ಸ್ಟೋರ್ ರೂಮಿನಲ್ಲಿ ನೀರು ಪರೀಕ್ಷಿಸುವ ಹೊಸ ಯಂತ್ರ ಕೂತಿತ್ತು. ಮೇಲಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಯಾರೋ ಅನುದಾನ ತಂದಿದ್ದರು, ಯಂತ್ರ ಬಂತು, ಫೋಟೊ ಆಯಿತು. ಅದಕ್ಕೆ ಹಾಕುವ ರಾಸಾಯನಿಕಕ್ಕೆ, ಓಡಿಸುವ ಟೆಕ್ನೀಷಿಯನ್‌ಗೆ ಯಾರೂ ದುಡ್ಡು ಕೇಳಿರಲಿಲ್ಲ.

ಆರೋಗ್ಯ ನಿರೀಕ್ಷಕನಾಗಿ ಈ ಕಡೆ ದುಡಿದು ನಿವೃತ್ತನಾದವನು ನಾನು. ಅನುದಾನದ ಬಗ್ಗೆ ಯಾರಾದರೂ ಸಲಹೆ ಕೇಳಿದರೆ ಮೊದಲು ಕೇಳೋದು ಒಂದೇ ಪ್ರಶ್ನೆ: ನಿಮಗೆ ಬೇಕಿರೋದು ಕಟ್ಟುವ ದುಡ್ಡೋ, ನಡೆಸುವ ದುಡ್ಡೋ? ಕೊಪ್ಪಳ, ರಾಯಚೂರು, ಬಳ್ಳಾರಿ, ಈ ನಮ್ಮ ಜಿಲ್ಲೆಗಳಲ್ಲಿ ಕಟ್ಟೋಕೆ ದುಡ್ಡು ಹೇಗೋ ಸಿಗುತ್ತದೆ. ನಡೆಸೋಕೆ ಸಿಗೋದು ಕಷ್ಟ. ಕೆಳಗಿನ ಹೋಲಿಕೆಯೆಲ್ಲ ಆ ಲೆಕ್ಕದ ಮೇಲೆಯೇ ಇದೆ. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯವರು, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ಪಂಚಾಯಿತಿ ಸದಸ್ಯರು, ಇವರನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ.

ಮೊದಲು ತೊಂದರೆ ಯಾವುದು ಅಂತ ಗೊತ್ತಿರಲಿ

ಕೊಪ್ಪಳದಲ್ಲಿ ಹಳೇ ಕಾಟ ಫ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲ ಅಂದರೆ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇರುವ ಬೋರ್‌ವೆಲ್‌ಗಳು ಇಲ್ಲಿ ಹೊಸ ಸುದ್ದಿಯೇನಲ್ಲ. ಶಾಲೆ ಮಕ್ಕಳ ಹಲ್ಲು ನೋಡಿದರೆ ಸಾಕು. ಎರಡನೇದು ನಲ್ಲಿ ನೀರಿಗೆ ಕೊಳೆ ಸೇರೋದು. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಜೂನ್ ಹೊತ್ತಿಗೆ ನಮ್ಮ ಜಿಲ್ಲೆಯ ಬಸರಿಹಾಳ, ಬಿಜಕಲ್ ಊರುಗಳಲ್ಲಿ ವಾಂತಿಭೇದಿಯಿಂದ ಸಾವಾಯಿತು. ಮೂರನೇದು ಗಾಳಿ. ಗಿಣಿಗೇರಾ ಸುತ್ತ ಕಾರ್ಖಾನೆ ಹೊಗೆ, ಬಳ್ಳಾರಿಯ ಸಂಡೂರು ಕಡೆ ಅದಿರಿನ ಕೆಂಧೂಳು, ರಾಯಚೂರಿನ ಶಕ್ತಿನಗರದ ಬಗಲಲ್ಲಿ ಹಾರುಬೂದಿ.

ಗಾಳಿ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಹೆಸರು ಕೇಳಿ ಎಷ್ಟೋ ಜನ ಅರ್ಜಿ ಹಿಡಿದು ಓಡಾಡುತ್ತಾರೆ. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇರೋದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಇಲ್ಲ. ಸುಮ್ನೆ ಕಾಲು ಸವೆಸಬೇಡಿ.

ಕೈಯಳತೆಯಲ್ಲಿರುವ ಚಿಲ್ಲರೆ ದುಡ್ಡು

ಯಾರೂ ಲೆಕ್ಕಕ್ಕೆ ತಗೊಳ್ಳದ ಅನುದಾನದಿಂದ ಶುರು ಮಾಡುತ್ತೇನೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ, ಅಂದರೆ ಯಾವ ಖರ್ಚಿಗೆ ಅಂತ ಸಮಿತಿಯೇ ತೀರ್ಮಾನಿಸಬಹುದಾದ ಹಣ, ಇದೆ. ತಿಂಗಳಿಗೆ ಎಂಟುನೂರು ಚಿಲ್ಲರೆ. ನಗಬೇಡಿ. ಓಟಿ ದ್ರಾವಣ, ಎಚ್2ಎಸ್ ಬಾಟಲಿ, ಚರಂಡಿ ಬಾಯಿ ಬಿಡಿಸುವ ಕೂಲಿ, ಟ್ಯಾಂಕ್ ತೊಳೆಸುವ ಖರ್ಚು, ಇಷ್ಟಕ್ಕೆ ಈ ದುಡ್ಡೇ ದಾರಿ. ಎಚ್2ಎಸ್ ಬಾಟಲಿ ಗೊತ್ತಲ್ವಾ? ನೀರು ತುಂಬಿ ಒಂದೆರಡು ದಿನ ಕೋಣೆಯಲ್ಲಿ ಇಟ್ಟರೆ ಸಾಕು. ಕಪ್ಪಾದರೆ ಆ ನೀರಿಗೆ ಮಲದ ಕೊಳೆ ಸೇರಿರುವ ಶಂಕೆ. ಲ್ಯಾಬ್ ಬೇಡ, ಕರೆಂಟ್ ಬೇಡ. ಕಪ್ಪಾದ ಬಾಟಲಿಯನ್ನು ಗ್ರಾಮ ಸಭೆಯ ಮೇಜಿನ ಮೇಲೆ ಇಟ್ಟರೆ ಹತ್ತು ಪುಟದ ವರದಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಇದು ನಾನು ಕಣ್ಣಾರೆ ಕಂಡದ್ದು.

ಅದರ ಮೇಲಿನ ಮೆಟ್ಟಿಲು ಪಿಎಚ್‌ಸಿ ಆರೋಗ್ಯ ರಕ್ಷಾ ಸಮಿತಿಯ ಮುಕ್ತ ನಿಧಿ, ವರ್ಷಕ್ಕೆ 1.75 ಲಕ್ಷ ರೂಪಾಯಿವರೆಗೆ. ಇಲ್ಲಿ ತೊಡಕು ಅಂದರೆ ಎಲ್ಲರ ಕಣ್ಣೂ ಇದರ ಮೇಲೇ. ಬಲ್ಬು, ನಲ್ಲಿ, ಫಿನಾಯಿಲು, ಝೆರಾಕ್ಸ್ ಎಲ್ಲ ಇದರಲ್ಲೇ ಕಳೆಯಬೇಕು. ಆದರೂ ಸಮಿತಿ ಸಭೆಯ ನಡಾವಳಿಯಲ್ಲಿ “ನೀರು ಪರೀಕ್ಷೆ ಸಾಮಗ್ರಿ” ಅಂತ ಒಂದು ಸಾಲು ಬರೆಸಿಟ್ಟರೆ ವರ್ಷಪೂರ್ತಿ ಆ ಖರ್ಚಿಗೆ ಯಾರೂ ತಕರಾರು ತೆಗೆಯೋದಿಲ್ಲ.

ಈ ಎರಡರ ದೊಡ್ಡ ಗುಣ ಬೇಗ ಸಿಗೋದು. ಬೆಂಗಳೂರಿಗೆ ಕಡತ ಹೋಗಬೇಕಿಲ್ಲ. ಸಭೆ, ಠರಾವು, ಚೆಕ್ಕು, ಮುಗೀತು. ಹೊಸದಾಗಿ ಬಂದ ವೈದ್ಯಾಧಿಕಾರಿ ಏನಾದರೂ ಮಾಡಬೇಕು ಅಂದರೆ ನಾನು ತೋರಿಸೋದು ಇದನ್ನೇ. ದೊಡ್ಡ ಅನುದಾನ ಕೇಳುವಾಗ “ಈಗಾಗಲೇ ಇಷ್ಟು ಊರಿನ ನೀರು ಪರೀಕ್ಷಿಸಿದ್ದೇವೆ, ಫಲಿತಾಂಶ ಇಲ್ಲಿದೆ” ಅಂತ ಇಡೋಕೆ ಇದರಿಂದಲೇ ಪುರಾವೆ ಹುಟ್ಟೋದು.

ಆರೋಗ್ಯ ಅಭಿಯಾನದ ವಾರ್ಷಿಕ ಯೋಜನೆ

ನಡೆಸುವ ದುಡ್ಡಿಗೆ ನೆಚ್ಚಬಹುದಾದ ಜಾಗ ಇದು. ಕೇಂದ್ರ 60, ರಾಜ್ಯ 40 ಪಾಲು. ಸಂಬಳ, ತರಬೇತಿ, ಕಿಟ್ಟು, ಓಡಾಟದ ಖರ್ಚು, ಯಾವುದನ್ನು ಬೇಕಾದರೂ ಬರೆಯಬಹುದು. ಆದರೆ ಯಾವುದಾದರೂ ಕಾರ್ಯಕ್ರಮದ ತಲೆಬರಹದ ಕೆಳಗೆ ಬರಬೇಕು. ನಮಗೆ ಹೊಂದುವ ತಲೆಬರಹ ಎರಡು. ಒಂದು 2008-09ರಲ್ಲಿ ಶುರುವಾದ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ಕಾಯಿಲೆ) ತಡೆ ಕಾರ್ಯಕ್ರಮ. ಅದರಲ್ಲಿ ನೀರು ಮತ್ತು ಮೂತ್ರದ ಫ್ಲೋರೈಡ್ ಅಳೆಯುವ ಅಯಾನ್ ಮೀಟರ್, ಟೆಕ್ನೀಷಿಯನ್, ಶಾಲಾ ಸಮೀಕ್ಷೆ ಎಲ್ಲಕ್ಕೂ ಜಾಗ ಇದೆ. ಇನ್ನೊಂದು 2019ರ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯ ಕಾರ್ಯಕ್ರಮ. ಬಿಸಿಲ ಹೊಡೆತ, ಗಾಳಿ ಮಾಲಿನ್ಯದಿಂದ ಬರುವ ಉಸಿರಾಟದ ಕಾಯಿಲೆಗಳ ಲೆಕ್ಕ ಇಡೋದು ಇದರೊಳಗೆ ಬರುತ್ತದೆ. ಗಿಣಿಗೇರಾ ಕಡೆಯವರು ಈ ಎರಡನೇದನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಕೆಟ್ಟ ಗುಣ ಏನಪ್ಪಾ ಅಂದರೆ ನಿಧಾನ. ಈಚೆಗೆ ಎರಡು ವರ್ಷದ ಯೋಜನೆ ಒಟ್ಟಿಗೇ ಮಾಡಿಸುತ್ತಾರೆ. ಆ ಬಸ್ಸು ತಪ್ಪಿದರೆ ಸ್ಟ್ಯಾಂಡಿನಲ್ಲೇ ಕೂತು ಕಾಯಬೇಕು. ಮಂಜೂರಾಗುವ ಮೊತ್ತ ಕೇಳಿದ್ದಕ್ಕಿಂತ ಯಾವಾಗಲೂ ಕಡಿಮೆ. ಹಾಗಂತ ಸುಳ್ಳು ಲೆಕ್ಕ ಉಬ್ಬಿಸಿ ಬರೆದರೆ ಮೇಲೆ ಕೂತವರಿಗೆ ಗೊತ್ತಾಗದೆ ಇರೋದಿಲ್ಲ.

ಪಂಚಾಯಿತಿ ದಾರಿ

ಆರೋಗ್ಯ ಇಲಾಖೆಯವರು ಮರೆಯುವ ದಾರಿ ಇದು. ಯಾಕೆಂದರೆ ದುಡ್ಡು ನಮ್ಮ ಖಾತೆಗೆ ಬರೋದಿಲ್ಲ. ಖಾತೆ ಯಾರದ್ದಾದರೇನು, ಕೆಲಸ ಆಗಬೇಕಲ್ವಾ?

ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತದ ಮಾರ್ಗಸೂಚಿಯಲ್ಲಿ ತಲೆಗಿಷ್ಟು ಅಂತ ದರ ಇದೆ. 5000 ಜನರವರೆಗಿನ ಊರಿಗೆ ಕಸದ ನಿರ್ವಹಣೆಗೆ ತಲೆಗೆ 60 ರೂಪಾಯಿ, ಬಚ್ಚಲು ನೀರಿನ ನಿರ್ವಹಣೆಗೆ 280 ರೂಪಾಯಿವರೆಗೆ. 3000 ಜನರ ಊರು ಅಂದುಕೊಳ್ಳಿ. ಕಸಕ್ಕೆ 1.8 ಲಕ್ಷ, ಬಚ್ಚಲು ನೀರಿಗೆ 8.4 ಲಕ್ಷ, ಒಟ್ಟು 10.2 ಲಕ್ಷ. ಇದರಲ್ಲಿ ಶೇ 70 ಆ ಯೋಜನೆಯದ್ದು, ಉಳಿದ ಶೇ 30 ಅಂದರೆ ಸುಮಾರು 3 ಲಕ್ಷ ಹಣಕಾಸು ಆಯೋಗದ ಅನುದಾನದಿಂದ ಪಂಚಾಯಿತಿ ಹಾಕಬೇಕು. 5000 ದಾಟಿದ ಊರಿಗೆ ಕಸದ ದರ 45ಕ್ಕೆ ಇಳಿಯುತ್ತದೆ, ಬಚ್ಚಲು ನೀರಿನದ್ದು 660ಕ್ಕೆ ಏರುತ್ತದೆ.

ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಕಟ್ಟುಪಾಡಿನ ಹಣ, ಅಂದರೆ ಹೇಳಿದ ಕೆಲಸಕ್ಕೇ ಖರ್ಚಾಗಬೇಕಾದದ್ದು. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ನಂತರದ ಅವಧಿಗೆ ಹದಿನಾರನೇ ಆಯೋಗ. ಹಾಗಾಗಿ ಈಗ ಚಾಲ್ತಿಯಲ್ಲಿರುವ ಸುತ್ತೋಲೆಯನ್ನು ಪಿಡಿಒ ಹತ್ತಿರ ಕೂತು ಓದಿಯೇ ಠರಾವು ಬರೆಸಿ.

ಜಲ ಜೀವನ್ ಮಿಷನ್‌ನಲ್ಲೂ ನೀರಿನ ಗುಣಮಟ್ಟದ ಪರೀಕ್ಷೆಗೆ ಅಂತಲೇ ಶೇ 2ರವರೆಗೆ ಪಾಲು ಇಟ್ಟಿದ್ದಾರೆ. ಪ್ರತಿ ಊರಲ್ಲಿ ಐವರು ಹೆಂಗಸರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು ಅಂತಿದೆ. ಆ ಕಿಟ್ ಎಲ್ಲಿದೆ ಅಂತ ನಿಮ್ಮ ಊರಲ್ಲಿ ಒಮ್ಮೆ ಕೇಳಿ ನೋಡಿ. ನಾನು ಕೇಳಿದ ಒಂದು ಊರಲ್ಲಿ ಅದು ಪಂಚಾಯಿತಿ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಲೀವ್ ಹಾಕಿದವರ ಜೇಬಲ್ಲಿತ್ತು. ಹೊಸ ಕಿಟ್ಟಿಗೆ ಅನುದಾನ ಕೇಳುವ ಮೊದಲು ಈ ಕೀಲಿ ಹುಡುಕೋದು ಅಗ್ಗ.

ಖನಿಜ ಪ್ರತಿಷ್ಠಾನ: ಎಲ್ಲರ ಕಣ್ಣು ಇದರ ಮೇಲೆ

ಈ ಮೂರು ಜಿಲ್ಲೆಗಳಲ್ಲಿ ಅನುದಾನ ಅಂದ ಕೂಡಲೇ ಬರುವ ಮಾತು ಡಿಎಂಎಫ್. ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಮಾಡಿದರು. ಹಳೇ ಗುತ್ತಿಗೆಯ ಗಣಿಗಳು ರಾಜಧನದ (ಸರಕಾರಕ್ಕೆ ಕಟ್ಟುವ ರಾಯಲ್ಟಿ) ಶೇ 30ರಷ್ಟು, ಹರಾಜಿನಲ್ಲಿ ಪಡೆದ ಗಣಿಗಳು ಶೇ 10ರಷ್ಟು ಇದಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆಗೆ ಒಳಗಾದ ಜನರಿಗೆ, ಜಾಗಕ್ಕೆ ಖರ್ಚಾಗಬೇಕಾದ ದುಡ್ಡು ಇದು. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಕನಿಷ್ಠ ಶೇ 70 ಹೆಚ್ಚಿನ ಆದ್ಯತೆಯ ವಲಯಗಳಿಗೆ ಹೋಗಬೇಕು ಅಂತಿದೆ. ಕುಡಿಯುವ ನೀರು, ಮಾಲಿನ್ಯ ನಿಯಂತ್ರಣ, ಆರೋಗ್ಯ, ನೈರ್ಮಲ್ಯ ನಾಲ್ಕೂ ಆ ಪಟ್ಟಿಯಲ್ಲಿವೆ. ಪರಿಸರ ಆರೋಗ್ಯ ಅಂದರೆ ಈ ನಾಲ್ಕೇ ಅಲ್ವಾ? ಮೇಲ್ನೋಟಕ್ಕೆ ನಮಗೇ ಅಂತ ಮಾಡಿದ ಹಾಗಿದೆ.

ಇಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಭಾರೀ ವ್ಯತ್ಯಾಸ. ಬಳ್ಳಾರಿಯದ್ದು ರಾಜ್ಯದಲ್ಲೇ ದೊಡ್ಡ ಗಂಟು. ಸಂಡೂರಿನ ಕಬ್ಬಿಣದ ಅದಿರಿನಿಂದ ಬರುವ ಹಣ ಅದು. ರಾಯಚೂರಿಗೆ ಹಟ್ಟಿ ಚಿನ್ನದ ಗಣಿ ಇದೆ. ಕೊಪ್ಪಳದಲ್ಲಿ ಕಬ್ಬಿಣ ಕರಗಿಸುವ ಕಾರ್ಖಾನೆಗಳು ಎದ್ದು ಕಾಣುತ್ತವೆ, ಅದಿರಿನ ಗಣಿಗಳಲ್ಲ. ಅದಿರು ಹೊರಗಿನಿಂದ ಬರುತ್ತದೆ, ರಾಜಧನದ ಪಾಲು ಅಗೆದ ಜಿಲ್ಲೆಯಲ್ಲೇ ಉಳಿಯುತ್ತದೆ, ಹೊಗೆ ಮಾತ್ರ ಇಲ್ಲಿ. ನಮ್ಮಲ್ಲಿ ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಗಳಂಥವು ಇವೆ. ಕಲ್ಲಿನ ಧೂಳಿನ ತೊಂದರೆ ಇರುವ ಊರುಗಳಿಗೆ ಇಲ್ಲಿಂದ ಕೇಳಬಹುದು. ಗಿಣಿಗೇರಾದ ಹೊಗೆಗೆ ಕೇಳಿದರೆ “ಇದು ಗಣಿಯಲ್ಲ, ಕಾರ್ಖಾನೆ” ಅನ್ನುವ ಉತ್ತರ ಬರುತ್ತದೆ. ಕೇಳೋಕೆ ಕಹಿ, ಆದರೆ ನಿಯಮ ಹಾಗೇ ಇದೆ.

ಅಳತೆಯೂ ಇದೆ. ಗಣಿಯಿಂದ 15 ಕಿಲೋಮೀಟರ್ ಒಳಗಿನದು ನೇರ ಬಾಧಿತ ಪ್ರದೇಶ, 25 ಕಿಲೋಮೀಟರ್‌ವರೆಗಿನದು ಪರೋಕ್ಷ ಬಾಧಿತ. ಹಾಗಾಗಿ ಅರ್ಜಿಗೆ ಮೊದಲು ಬೇಕಾದ ಕಾಗದ ನಕ್ಷೆ. ಊರು ಯಾವ ಗಣಿಯಿಂದ ಎಷ್ಟು ದೂರ ಅಂತ ಗುರುತು ಮಾಡಿ ಮೊದಲ ಪುಟಕ್ಕೇ ಹಚ್ಚಿ.

ಈಗ ಯಾರೂ ಓದದ ಸಾಲಿಗೆ ಬರುತ್ತೇನೆ. ಈ ನಿಧಿಯ ಕೇಂದ್ರ ಮಾರ್ಗಸೂಚಿಯ ಆರೋಗ್ಯ ಭಾಗದಲ್ಲಿ, ಒತ್ತು ಬರೀ ಕಟ್ಟಡದ ಮೇಲೆ ಇರಬಾರದು, ಬೇಕಾದ ಸಿಬ್ಬಂದಿ, ಉಪಕರಣ, ಸಾಮಗ್ರಿಗೂ ಕೊಡಬೇಕು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಅಂದರೆ ಇದು ಕಟ್ಟುವ ದುಡ್ಡೂ ಹೌದು, ನಡೆಸುವ ದುಡ್ಡೂ ಹೌದು. ಇಷ್ಟು ದೊಡ್ಡ ಗಂಟಿನಲ್ಲಿ ಇಂಥ ಅವಕಾಶ ಬೇರೆ ಕಡೆ ಸಿಗೋದಿಲ್ಲ. ಆದರೂ ನಾನು ನೋಡಿದ ಹತ್ತು ಪ್ರಸ್ತಾವನೆಯಲ್ಲಿ ಎಂಟು ಕಾಂಪೌಂಡು, ಶೆಡ್ಡು, ಆಂಬುಲೆನ್ಸು. ಒಬ್ಬ ಟೆಕ್ನೀಷಿಯನ್‌ಗೆ ಮೂರು ವರ್ಷದ ಸಂಬಳ, ರಾಸಾಯನಿಕದ ಖರ್ಚು, ವರ್ಷಕ್ಕೊಮ್ಮೆ ಯಂತ್ರದ ಸರ್ವಿಸ್, ಇವನ್ನು ಒಂದೇ ಅಂದಾಜು ಪಟ್ಟಿಯಲ್ಲಿ ಸೇರಿಸಿ ಕೇಳಿದವರು ಕಡಿಮೆ. ಕೇಳಿ. ಆ ಸಾಲನ್ನು ಅರ್ಜಿಯಲ್ಲೇ ಬರೆದು ತೋರಿಸಿ.

ಬಳ್ಳಾರಿ ಜಿಲ್ಲೆಯವರಿಗೆ ಇನ್ನೊಂದು ದಾರಿ ಇದೆ. ಅಕ್ರಮ ಗಣಿಗಾರಿಕೆ ಪ್ರಕರಣದ 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹುಟ್ಟಿದ ಗಣಿ ಪರಿಸರ ಪುನಶ್ಚೇತನ ನಿಗಮ. ಸಾವಿರಾರು ಕೋಟಿಯ ಯೋಜನೆ, ಆದರೆ ಅದು ಕೋರ್ಟಿನ ಉಸ್ತುವಾರಿಯಲ್ಲಿ ನಡೆಯುವ ಕೆಲಸ. ತಾಲ್ಲೂಕು ಮಟ್ಟದವರು ನೇರವಾಗಿ ಅರ್ಜಿ ಹಾಕಿ ತರುವ ದುಡ್ಡಲ್ಲ. ಜಿಲ್ಲಾಡಳಿತ ತಯಾರಿಸುವ ಪಟ್ಟಿಯಲ್ಲಿ ನಿಮ್ಮ ಕೆಲಸ ಸೇರಿಸುವಂತೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಮೂಲಕ ಒತ್ತಾಯಿಸಬಹುದು, ಅಷ್ಟೇ. ಕೊಪ್ಪಳ, ರಾಯಚೂರು ಇದರ ವ್ಯಾಪ್ತಿಯಲ್ಲಿಲ್ಲ.

ಮಂಡಳಿ ಮತ್ತು ಕಂಪನಿ

ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ಆದ ಪ್ರದೇಶಾಭಿವೃದ್ಧಿ ಮಂಡಳಿ, ಈಗಿನ ಹೆಸರಲ್ಲಿ ಕಲ್ಯಾಣ ಕರ್ನಾಟಕ ಮಂಡಳಿ, ಮೂರೂ ಜಿಲ್ಲೆಗೆ ಸಿಗುತ್ತದೆ. ಈಚಿನ ಬಜೆಟ್‌ಗಳಲ್ಲಿ ಇದಕ್ಕೆ 5000 ಕೋಟಿ ರೂಪಾಯಿ ಘೋಷಿಸಿದ್ದಾರೆ. ಮೊತ್ತ ಕೇಳಿ ಹಿಗ್ಗಬೇಡಿ. ಇದು ಬಹುತೇಕ ಕಾಮಗಾರಿಯ ದುಡ್ಡು. ತಾಲ್ಲೂಕು ಲ್ಯಾಬಿಗೆ ಕೋಣೆ ಬೇಕು, ಉಪಕೇಂದ್ರಕ್ಕೆ ಕಟ್ಟಡ ಬೇಕು, ಶುದ್ಧ ನೀರಿನ ಘಟಕಕ್ಕೆ ಶೆಡ್ ಬೇಕು ಅಂದರೆ ಇಲ್ಲಿಗೆ ಬನ್ನಿ. ಶಾಸಕರ ಒಲವಿಲ್ಲದೆ ಕ್ರಿಯಾಯೋಜನೆಯಲ್ಲಿ ಹೆಸರು ಸೇರೋದು ಕಷ್ಟ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸೇರಿದ ಮೇಲೂ ತಾಂತ್ರಿಕ ಮಂಜೂರಾತಿ, ಟೆಂಡರು, ಬಿಲ್ಲು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅನ್ನೋದು ಗೊತ್ತಿದ್ದದ್ದೇ.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡು, ಬೇರೆ ರೀತಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2 ಖರ್ಚು ಮಾಡಬೇಕು. ಬೇಗ ಸಿಗುತ್ತದೆ, ಕಾಗದ ಕಡಿಮೆ. ಆದರೆ ಅವರಿಗೆ ಬೋರ್ಡು, ರಿಬ್ಬನ್ನು ಇಷ್ಟ. ಶುದ್ಧ ನೀರಿನ ಘಟಕ ಕೊಡುತ್ತೇವೆ ಅಂತ ಬಂದವರಿಗೆ ಒಬ್ಬ ಪಂಚಾಯಿತಿ ಅಧ್ಯಕ್ಷೆ ಕೇಳಿದ್ದು ಇನ್ನೂ ನೆನಪಿದೆ: “ಮೆಂಬ್ರೇನ್ ಕೆಟ್ಟಾಗ ಯಾರಿಗೆ ಫೋನ್ ಹಚ್ಚಬೇಕ್ರೀ?” ಅವತ್ತು ಉತ್ತರ ಬರಲಿಲ್ಲ. ನಿಯಮದಲ್ಲಿ ದಾರಿ ಇದೆ. ಮುಂದುವರಿಯುವ ಯೋಜನೆ ಅಂತ ಘೋಷಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಖರ್ಚು ಹಾಕಬಹುದು. ಕೊಟ್ಟ ಆಸ್ತಿ ಸರಕಾರಿ ಸಂಸ್ಥೆಯ ಹೆಸರಿಗೆ ಬರಬಹುದು. ಇವೆರಡನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳದೆ ರಿಬ್ಬನ್ ಕತ್ತರಿಸಬೇಡಿ.

ಇನ್ನೊಂದು ವಿಷಯ. ಕಾರ್ಖಾನೆಗೆ ಕೊಟ್ಟ ಪರಿಸರ ಅನುಮತಿ ಪತ್ರದ ಷರತ್ತುಗಳ ಖರ್ಚು ಬೇರೆ, ಸಿಎಸ್‌ಆರ್ ಬೇರೆ. ಸಾರ್ವಜನಿಕ ವಿಚಾರಣೆಯಲ್ಲಿ ಜನ ಎತ್ತಿದ ವಿಷಯಕ್ಕೆ ಕಂಪನಿ ಒಪ್ಪಿಕೊಂಡ ಕೆಲಸ ಅದರ ಪರಿಸರ ನಿರ್ವಹಣಾ ಯೋಜನೆಯಲ್ಲೇ ಸೇರಬೇಕು. ಆರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕು. ಆ ವರದಿ ಓದಿ, ಬಾಕಿ ಏನಿದೆ ನೋಡಿ. ಬಾಕಿ ಇರೋದನ್ನು ಕೇಳೋದಕ್ಕೆ ಅನುದಾನ ಅನ್ನೋದಿಲ್ಲ, ಹಕ್ಕು ಅನ್ನುತ್ತಾರೆ.

ನಾನಾದರೆ ಹೇಗೆ ಆರಿಸುತ್ತಿದ್ದೆ

ಫ್ಲೋರೈಡ್ ಇರುವ ಊರಿಗೆ: ನದಿ ನೀರಿನ ಪೈಪು ಬರುವ ಯೋಜನೆ ಇದೆಯೇ ಅಂತ ಗ್ರಾಮೀಣ ನೀರು ಸರಬರಾಜು ಕಚೇರಿಯಲ್ಲಿ ವಿಚಾರಿಸುತ್ತೇನೆ. ಇದ್ದರೆ ಶುದ್ಧ ನೀರಿನ ಘಟಕಕ್ಕೆ ದುಡ್ಡು ಸುರಿಯೋದಿಲ್ಲ. ಇಲ್ಲದಿದ್ದರೆ ಶೆಡ್ಡಿಗೆ ಮಂಡಳಿ, ಯಂತ್ರಕ್ಕೆ ಸಿಎಸ್‌ಆರ್, ಮಕ್ಕಳ ಹಲ್ಲು-ಮೂತ್ರದ ಪರೀಕ್ಷೆಗೆ ಆರೋಗ್ಯ ಅಭಿಯಾನ. ಮೂರನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಮೂರೂ ಕಡೆ “ಇದು ನಮಗೆ ಬರೋದಿಲ್ಲ” ಅನ್ನುತ್ತಾರೆ.

ಹೊಗೆ ಇರುವ ಊರಿಗೆ: ಹಿಂದೆ ಹೇಳಿದ ಹವಾಮಾನ ಮತ್ತು ಆರೋಗ್ಯ ಕಾರ್ಯಕ್ರಮದಡಿ ಉಸಿರಾಟದ ರೋಗಿಗಳ ದಾಖಲೆಗೆ ತರಬೇತಿ ಕೇಳುತ್ತೇನೆ. ಹೊರರೋಗಿಗಳ (ಒಪಿಡಿ) ಪುಸ್ತಕದಲ್ಲಿ ಊರಿನ ಹೆಸರು, ಕೆಮ್ಮು, ದಮ್ಮು, ವಯಸ್ಸು ಸರಿಯಾಗಿ ಬರೆದಿಟ್ಟರೆ ಒಂದು ವರ್ಷದಲ್ಲಿ ಯಾರೂ ಅಲ್ಲಗಳೆಯಲಾಗದ ಲೆಕ್ಕ ಕೈಗೆ ಬರುತ್ತದೆ. ಗಾಳಿ ಅಳೆಯುವ ಯಂತ್ರವನ್ನು ಆರೋಗ್ಯ ಇಲಾಖೆ ಕೊಳ್ಳಬೇಕಿಲ್ಲ. ಅದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ.

ಕೊಳೆ ನೀರಿನ ಊರಿಗೆ: ಸಮಿತಿಯ 10,000 ಮತ್ತು ಪಂಚಾಯಿತಿಯ ಕಟ್ಟುಪಾಡಿನ ಹಣ. ಬೇರೆ ಯಾರನ್ನೂ ಕಾಯೋದಿಲ್ಲ. ಮಳೆಗಾಲಕ್ಕೆ ಮೊದಲೇ, ಏಪ್ರಿಲ್ ಒಳಗೆ, ಚರಂಡಿ ದಾಟುವ ಪೈಪುಗಳ ಪಟ್ಟಿ ಮಾಡಿಸುತ್ತೇನೆ. ವಾಟರ್‌ಮನ್‌ಗೆ ಎಲ್ಲ ಗೊತ್ತಿರುತ್ತದೆ, ಕೇಳುವವರು ಬೇಕು ಅಷ್ಟೇ.

ರಾಯಚೂರಿನವರಿಗೆ ಒಂದು ಹೆಚ್ಚಿನ ಅನುಕೂಲ ಇದೆ. 2018ರಿಂದ ಅದು ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆ, ಅಂದರೆ ಹಿಂದುಳಿದಿದೆ ಅಂತ ಗುರುತಿಸಿ ಮುಂದೆ ತರಲು ಆರಿಸಿದ ಜಿಲ್ಲೆ. ಅರ್ಜಿಯಲ್ಲಿ ಆ ಮಾತು ಹಾಕಲು ಮರೆಯಬೇಡಿ, ಸಿಎಸ್‌ಆರ್ ಕೇಳುವಾಗಂತೂ.

ಯಾವ ಕಚೇರಿಗೆ ಹೋದರೂ ಒಂದು ಫೈಲಿನಲ್ಲಿ ಇಷ್ಟು ಇಟ್ಟುಕೊಳ್ಳಿ: ಕಳೆದ ಒಂದು ವರ್ಷದ ನೀರಿನ ಪರೀಕ್ಷೆಯ ಫಲಿತಾಂಶ, ತಿಂಗಳವಾರು ವಾಂತಿಭೇದಿ ಪ್ರಕರಣಗಳ ಸಂಖ್ಯೆ, ಗ್ರಾಮ ಸಭೆಯ ಠರಾವಿನ ನಕಲು, ಅಂದಾಜು ಪಟ್ಟಿ, ಹಿಂದಿನ ಅನುದಾನದ ಬಳಕೆ ಪ್ರಮಾಣಪತ್ರ. ಕೊನೆಯದು ಇಲ್ಲದಿದ್ದರೆ ಉಳಿದ ನಾಲ್ಕನ್ನು ಯಾರೂ ತೆರೆದು ನೋಡೋದಿಲ್ಲ. ಅಂದಾಜು ಪಟ್ಟಿಯಲ್ಲಿ ಯಂತ್ರದ ಬೆಲೆಯ ಕೆಳಗೆ ಇನ್ನೂ ಮೂರು ಸಾಲು ಇರಲಿ: ರಾಸಾಯನಿಕ, ದುರಸ್ತಿ, ಓಡಿಸುವವರ ಸಂಬಳ. ಆ ಮೂರು ಸಾಲಿಗೆ ಕತ್ತರಿ ಹಾಕಿ ಬರೀ ಯಂತ್ರ ಮಂಜೂರು ಮಾಡುತ್ತೇವೆ ಅಂದರೆ, ನಾನಾದರೆ ಯಂತ್ರ ಬೇಡ ಅನ್ನುತ್ತೇನೆ. ನಮ್ಮ ಸ್ಟೋರ್ ರೂಮಿನಲ್ಲಿ ಜಾಗ ಇಲ್ಲ.